ರೇಸ್ ಆಫ್ ರಿಮೆಂಬ್ರೆನ್ಸ್‌ಗೆ ಹೋಗೋದು ಹೇಗೆ? ನೋಡೋರಿಗೆ, ಕೆಲಸ ಮಾಡೋರಿಗೆ, ಓಡಿಸೋರಿಗೆ

ಸೆಪ್ಟೆಂಬರ್ ಬಂತೆಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. "ವೇಲ್ಸ್‌ನಲ್ಲಿ ಸೈನಿಕರ ನೆನಪಿಗೆ ಕಾರ್ ರೇಸ್ ನಡೆಯುತ್ತಲ್ಲ, ಅದನ್ನ ನೋಡೋಕೆ ಬಿಡ್ತಾರಾ?" "ಸೈನ್ಯದವರಲ್ಲದವರೂ ಕೆಲಸಕ್ಕೆ ಸೇರಬಹುದಾ?" "ನನ್ನ ಹತ್ರ ಡ್ರೈವಿಂಗ್ ಲೈಸೆನ್ಸ್ ಇದೆ, ಓಡಿಸಬಹುದಾ?" ಉತ್ತರ ಕ್ರಮವಾಗಿ: ಬಿಡ್ತಾರೆ. ಸೇರಬಹುದು. ಇಲ್ಲ, ಆ ಲೈಸೆನ್ಸ್ ಸಾಲದು. ಒಬ್ಬೊಬ್ಬರಿಗೇ ಬಿಡಿಸಿ ಹೇಳಿ ಸಾಕಾಯಿತು, ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮ್ಯಾಂಚೆಸ್ಟರ್, ಲಂಡನ್ ಕಡೆ ಇರುವ ನಮ್ಮವರಿಗೆ ಇದು ಜಾಸ್ತಿ ಉಪಯೋಗ. ಬೆಂಗಳೂರಿನಿಂದ ಬರುವವರಿಗೂ ಬೇಕಾದಷ್ಟು ವಿಷಯ ಇದೆ.

ಮೊದಲು, ಇದು ಎಂಥಾ ರೇಸ್?

ಬ್ರಿಟನ್‌ನಲ್ಲಿ ಮಿಷನ್ ಮೋಟರ್‌ಸ್ಪೋರ್ಟ್ ಅನ್ನುವ ದತ್ತಿ ಸಂಸ್ಥೆ ಇದೆ. 2012ರಲ್ಲಿ ಶುರು ಮಾಡಿದವರು ರಾಯಲ್ ಟ್ಯಾಂಕ್ ರೆಜಿಮೆಂಟ್‌ನಲ್ಲಿದ್ದ ಮೇಜರ್ ಜೇಮ್ಸ್ ಕ್ಯಾಮರೂನ್. ಸಿನಿಮಾ ನಿರ್ದೇಶಕರಲ್ಲ, ಹೆಸರು ಮಾತ್ರ ಒಂದೇ. ಸೇನೆಯಲ್ಲಿದ್ದು ಗಾಯಗೊಂಡವರು, ಕಾಯಿಲೆ ಬಿದ್ದವರು, ಮನಸ್ಸಿಗೆ ಪೆಟ್ಟು ತಿಂದವರು, ಅವರ ಮನೆಯವರು, ಇವರಿಗೆಲ್ಲ ರೇಸಿಂಗ್ ಮೂಲಕ ಮತ್ತೆ ನೆಲೆ ಕಂಡುಕೊಳ್ಳಲು ಸಹಾಯ ಮಾಡುವುದು ಇದರ ಕೆಲಸ. ರೇಸಿಂಗ್ ಅಂದರೆ ಓಡಿಸುವುದೊಂದೇ ಅಂದುಕೊಳ್ಳಬೇಡಿ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವುದು, ಟೈರ್ ಲೆಕ್ಕ ಇಡುವುದು, ರೇಡಿಯೋದಲ್ಲಿ ಕೂತು ತಂಡ ನಡೆಸುವುದು, ಎಲ್ಲವೂ ಸೇರಿದೆ. ಅಲ್ಲಿಂದ ಮುಂದೆ ಕೆಲಸಕ್ಕೂ ದಾರಿ ಮಾಡಿಕೊಡುತ್ತಾರೆ. ನಮ್ಮ ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್‌ನಲ್ಲಿ ಹೀಗೆ ಕೆಲಸಕ್ಕೆ ಸೇರಿದ ಮಾಜಿ ಸೈನಿಕರಿದ್ದಾರೆ.

ಈ ಸಂಸ್ಥೆ 2014ರಲ್ಲಿ ಶುರು ಮಾಡಿದ್ದೇ ರೇಸ್ ಆಫ್ ರಿಮೆಂಬ್ರೆನ್ಸ್. ಜಾಗ ವೇಲ್ಸ್‌ನ ಆ್ಯಂಗಲ್ಸಿ ದ್ವೀಪದ ಸಮುದ್ರದಂಚಿನ ಸರ್ಕ್ಯೂಟ್. ಕಾಲ ನವೆಂಬರ್, ರಿಮೆಂಬ್ರೆನ್ಸ್ ಸಂಡೇ ಇರುವ ವಾರಾಂತ್ಯ. 1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧದ ಗುಂಡು ನಿಂತಿತಲ್ಲ, ಅದರ ನೆನಪಿಗೆ ಬ್ರಿಟನ್ನಿನವರು ನವೆಂಬರ್‌ನ ಎರಡನೇ ಭಾನುವಾರ ಸೈನಿಕರನ್ನು ನೆನೆಯುತ್ತಾರೆ.

ಇದು ಎಂಡ್ಯೂರೆನ್ಸ್ ರೇಸ್. ಅಂದರೆ ಒಂದು ಕಾರು, ಹಲವು ಡ್ರೈವರ್‌ಗಳು, ಸರದಿಯ ಮೇಲೆ ಗಂಟೆಗಟ್ಟಲೆ ಓಡಿಸುವುದು. ಇಲ್ಲಿ ಲೆಕ್ಕ 12 ಗಂಟೆ. ಶನಿವಾರ ಶುರುವಾಗಿ ಕತ್ತಲಲ್ಲೂ ಓಡಿ ರಾತ್ರಿ ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ ಮತ್ತೆ ಶುರು. ಆಮೇಲೆ 11 ಗಂಟೆಯ ಪ್ರಾರ್ಥನೆಗೆ ಇಡೀ ರೇಸ್ ನಿಲ್ಲುತ್ತದೆ. ಎಂಜಿನ್ ಬಂದ್. ಎಲ್ಲರೂ ಪಿಟ್ ಲೇನ್‌ನಲ್ಲಿ ನಿಲ್ಲುತ್ತಾರೆ. ಅದು ಮುಗಿದ ಮೇಲೆ ಉಳಿದ ಓಟ.

ಪಿಟ್ ಲೇನ್ ಅಂದರೆ ಟ್ರ್ಯಾಕ್ ಪಕ್ಕದ ಸಣ್ಣ ರಸ್ತೆ. ಕಾರು ಪೆಟ್ರೋಲ್‌ಗೆ, ಟೈರ್‌ಗೆ, ಡ್ರೈವರ್ ಬದಲಾಯಿಸೋಕೆ ಬರುವ ಜಾಗ. ಈ ಪದ ಮುಂದೆ ತುಂಬಾ ಸಲ ಬರುತ್ತದೆ.

ಹಂತ 1: ಯಾವ ಪಾತ್ರ ಅಂತ ಮೊದಲೇ ತೀರ್ಮಾನಿಸಿ

ಪ್ರೇಕ್ಷಕ, ಮಾರ್ಷಲ್, ತಂಡದ ಸಹಾಯಕ, ಡ್ರೈವರ್. ಹೋಗುವುದಾದರೆ ಈ ನಾಲ್ಕರಲ್ಲಿ ಒಬ್ಬರಾಗಿ ಹೋಗಬೇಕು. ಮೊದಲ ವರ್ಷವೇ ಡ್ರೈವರ್ ಆಗಲು ಹೊರಡಬೇಡಿ ಅನ್ನುವುದು ನನ್ನ ಸಲಹೆ. ಕಾರಣ ಮುಂದೆ ಹೇಳುತ್ತೇನೆ. ಸುಮ್ನೆ ನೋಡಿ ಬರುವುದಕ್ಕಿಂತ ಏನಾದರೂ ಕೆಲಸ ಹಿಡಿದು ಹೋಗುವುದು ಮೇಲು. ಅಲ್ಲಿ ಚಳಿ ಎಷ್ಟೆಂದರೆ ಕೈಗೆ ಕೆಲಸ ಇಲ್ಲದವರು ಎರಡು ಗಂಟೆಯಲ್ಲಿ ಕಾರೊಳಗೆ ಹೋಗಿ ಹೀಟರ್ ಹಾಕಿಕೊಂಡು ಕೂರುತ್ತಾರೆ.

ಭಾರತದಿಂದ ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ ಬರುವವರು ಒಂದು ವಿಷಯ ಗಮನಿಸಿ. ನೋಂದಾಯಿತ ದತ್ತಿ ಸಂಸ್ಥೆಗೆ 30 ದಿನಗಳ ತನಕ ಸ್ವಯಂಸೇವೆ ಮಾಡಲು ಆ ವೀಸಾದಲ್ಲಿ ಅವಕಾಶ ಇದೆ. ಆದರೆ ನೀವು ಬಂದ ಮುಖ್ಯ ಕಾರಣ ಅದೇ ಆಗಿರಬಾರದು. ಮಗಳ ಮನೆಗೆ ಬಂದಿದ್ದೀರಿ, ನಡುವೆ ಒಂದು ವಾರಾಂತ್ಯ ಇದಕ್ಕೆ ಹೋದಿರಿ, ತೊಂದರೆ ಇಲ್ಲ. ಅರ್ಜಿಯಲ್ಲಿ "ಸ್ವಯಂಸೇವೆಗೆ ಬರುತ್ತಿದ್ದೇನೆ" ಅಂತ ಬರೆದು ಕೈ ಸುಟ್ಟುಕೊಳ್ಳಬೇಡಿ. ಅಲ್ಲಿಗೆ ಬಂದು ಸಂಬಳಕ್ಕೆ ಕೆಲಸ ಮಾಡುವ ಹಾಗೂ ಇಲ್ಲ.

ಹಂತ 2: ದಾರಿ, ಉಳಿಯುವ ಜಾಗ

ಕಾರಿನಲ್ಲಾದರೆ ಎ55 ಹೆದ್ದಾರಿ ಹಿಡಿದು ಬ್ರಿಟಾನಿಯಾ ಸೇತುವೆ ದಾಟಿ ದ್ವೀಪಕ್ಕೆ ಬರಬೇಕು. ಎ55 ಉದ್ದಕ್ಕೂ ಎರಡೆರಡು ಸಾಲು ಇದ್ದರೂ ಸೇತುವೆಯ ಮೇಲೆ ಒಂದೊಂದೇ ಸಾಲು. ಅಲ್ಲಿ ವಾಹನ ನಿಂತರೆ ನಿಂತವೇ. ಗಾಳಿ ಜೋರಾದ ದಿನ ಎತ್ತರದ ವ್ಯಾನ್, ಟ್ರೇಲರ್‌ಗಳನ್ನು ತಡೆಯುವುದೂ ಉಂಟು. ರೇಸ್ ಕಾರನ್ನು ಟ್ರೇಲರ್ ಮೇಲೆ ತರುವವರು ಹವಾಮಾನ ನೋಡದೆ ಹೊರಡಲೇಬೇಡಿ. ಗುರುವಾರವೇ ದ್ವೀಪ ಸೇರಿಕೊಂಡರೆ ನೆಮ್ಮದಿ. ಸೇತುವೆ ದಾಟಿದ ಕೂಡಲೇ ಸಿಗುವ ಊರಿನ ಹೆಸರಿನ ಬೋರ್ಡ್ 58 ಅಕ್ಷರ ಉದ್ದ ಇದೆ. ಓದಲು ಹೋಗಿ ಮುಂದಿನ ತಿರುವು ತಪ್ಪಿಸಿಕೊಳ್ಳಬೇಡಿ.

ರೈಲಿನವರಿಗೆ ಹತ್ತಿರದ ನಿಲ್ದಾಣ ಟೈ ಕ್ರೋಸ್. ಹಾಲಿಹೆಡ್ ಕಡೆಗೆ ಹೋಗುವ ಸಾಲಿನಲ್ಲಿದೆ. ಆದರೆ ಇದು ಕೋರಿಕೆಯ ನಿಲ್ದಾಣ. ಇಳಿಯುವವರು ಗಾರ್ಡ್‌ಗೆ ಮೊದಲೇ ಹೇಳಬೇಕು, ಹತ್ತುವವರು ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಕೈ ಅಡ್ಡ ಹಾಕಬೇಕು. ನಮ್ಮೂರಲ್ಲಿ ಬಸ್ಸಿಗೆ ಕೈ ಹಾಕುತ್ತೇವಲ್ಲ, ಥೇಟ್ ಹಾಗೆ. ಅಲ್ಲಿ ಆಟೋ, ಟ್ಯಾಕ್ಸಿ ಕಾಯುತ್ತಾ ನಿಂತಿರುತ್ತವೆ ಅಂದುಕೊಳ್ಳಬೇಡಿ.

ಉಳಿಯಲು ರೋಸ್ನೈಗರ್ ಹತ್ತಿರದ ಊರು. ಹಾಲಿಹೆಡ್, ಬ್ಯಾಂಗರ್ ಸ್ವಲ್ಪ ದೂರ. ಇದು ಬೇಸಿಗೆಯ ಪ್ರವಾಸಿ ಜಾಗ, ನವೆಂಬರ್‌ನಲ್ಲಿ ಎಷ್ಟೋ ಮನೆಗಳು ಬಾಗಿಲು ಹಾಕಿರುತ್ತವೆ. ತೆರೆದಿದ್ದನ್ನು ತಂಡಗಳು ಮೊದಲೇ ಹಿಡಿದಿರುತ್ತವೆ. ಆದ್ದರಿಂದ ರೂಮು ಬೇಗ ಕಾದಿರಿಸಿ.

ಸರ್ಕ್ಯೂಟ್ ಇರುವ ಜಾಗ ಹಿಂದೆ ಸೇನಾ ಶಿಬಿರವಾಗಿತ್ತು. ಮೋಡ ಸರಿದ ದಿನ ಕೊಲ್ಲಿಯಾಚೆ ಸ್ನೋಡೋನಿಯಾ ಬೆಟ್ಟಗಳು ಕಾಣುತ್ತವೆ. ತಲೆಯ ಮೇಲೆ ಹಾಕ್ ಜೆಟ್‌ಗಳು ಹಾರಿದರೆ ಬೆಚ್ಚಬೇಡಿ, ಪಕ್ಕದಲ್ಲೇ ವ್ಯಾಲಿ ವಾಯುನೆಲೆ ಇದೆ. ನಮ್ಮ ವಾಯುಪಡೆಯ ಹುಡುಗರು ಕೆಲವು ವರ್ಷ ಇಲ್ಲೇ ಹಾಕ್ ಓಡಿಸಲು ಕಲಿತರು. 2008ರಲ್ಲಿ ಆ ವಿಮಾನ ನಮ್ಮ ಬೀದರ್ ನೆಲೆಗೇ ಬಂದಿಳಿಯಿತು. ಬೀದರಿನವರು ಯಾರಾದರೂ ಈ ಬೇಲಿ ಪಕ್ಕ ನಿಂತರೆ ಆ ಸದ್ದು ಪರಿಚಿತ ಅನ್ನಿಸಬಹುದು.

ಹಂತ 3: ಬಟ್ಟೆ, ಬುತ್ತಿ

ಇಲ್ಲಿ ಜನ ಮಾಡುವ ತಪ್ಪೇ ಜಾಸ್ತಿ. ನವೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಐರಿಷ್ ಸಮುದ್ರದ ಗಾಳಿಗೆ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಹೊಡೆಯುತ್ತದೆ. ಕೊಡೆ ತರಬೇಡಿ. ಐದು ನಿಮಿಷದಲ್ಲಿ ಮಗುಚಿಕೊಳ್ಳುತ್ತದೆ, ಕೈ ತಪ್ಪಿದರೆ ಟ್ರ್ಯಾಕಿಗೇ ಹಾರುತ್ತದೆ.

ಒಳಗೆ ಉಣ್ಣೆಯದು, ಮೇಲೆ ನೀರು ಬಿಡದ ಕೋಟು, ಕಾಲಿಗೆ ಗಟ್ಟಿ ಬೂಟು, ಎರಡು ಜೊತೆ ಕಾಲುಚೀಲ ಜಾಸ್ತಿ. ಕೋಟು ಕೆಂಪು, ಹಳದಿ ಬಣ್ಣದ್ದು ಬೇಡವೇ ಬೇಡ. ನಾನು ಮೊದಲ ಸಲ ಹಳದಿ ರೇನ್‌ಕೋಟ್ ಹಾಕಿಕೊಂಡು ಬೇಲಿ ಹತ್ತಿರ ನಿಂತಿದ್ದೆ. ಹಿರಿಯ ಮಾರ್ಷಲ್ ಒಬ್ಬರು ಬಂದು ಮರ್ಯಾದೆಯಿಂದಲೇ ಬಿಚ್ಚಿಸಿದರು. ವೇಗದಲ್ಲಿ ಬರುವ ಡ್ರೈವರ್‌ಗೆ ಕಣ್ಣಂಚಿನಲ್ಲಿ ಹಳದಿ ಅಲ್ಲಾಡಿದರೆ ಅದು ಅಪಾಯದ ಬಾವುಟ. ಕೆಂಪು ಕಂಡರೆ ರೇಸೇ ನಿಂತಿತು ಅಂತ ಅರ್ಥ.

ಬುತ್ತಿ ಕಟ್ಟಿಕೊಂಡು ಹೋಗಿ. ಸಸ್ಯಾಹಾರಿಗಳಂತೂ ಖಂಡಿತ. ಮೊಸರನ್ನ ಆ ಚಳಿಗೆ ಆಗಿಬರುವುದಿಲ್ಲ. ಬಿಸಿಬೇಳೆ ಭಾತ್ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಮಧ್ಯಾಹ್ನದ ತನಕ ಬಿಸಿ ಇರುತ್ತದೆ. ಗ್ರೀಸ್ ಮೆತ್ತಿದ ಕೈಯಲ್ಲಿ ತಿನ್ನಬೇಕಾದವರಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿಯೇ ಸರಿ. ಕಾಗದದ ಸಮೇತ ಹಿಡಿದು ಕಚ್ಚಬಹುದು. ನಾಲ್ಕು ಜಾಸ್ತಿಯೇ ಕಟ್ಟಿ, ಪಕ್ಕದ ಗ್ಯಾರೇಜಿನವರು ಕೇಳುತ್ತಾರೆ.

ಹಂತ 4: ಮಾರ್ಷಲ್ ಆಗುವುದು

ಮಾರ್ಷಲ್ ಅಂದರೆ ಟ್ರ್ಯಾಕ್ ಪಕ್ಕ ನಿಂತು ಬಾವುಟ ತೋರಿಸುವ, ಕೆಟ್ಟು ನಿಂತ ಕಾರು ಸರಿಸುವ, ಬೆಂಕಿ ಬಿದ್ದರೆ ಓಡುವ ಜನ. ಸಂಬಳ ಇಲ್ಲ. ಇವರಿಲ್ಲದೆ ಒಂದು ಲ್ಯಾಪ್ ಕೂಡ ಓಡುವ ಹಾಗಿಲ್ಲ. ಬ್ರಿಟನ್‌ನ ರೇಸಿಂಗ್ ಆಡಳಿತ ಸಂಸ್ಥೆ ಮೋಟರ್‌ಸ್ಪೋರ್ಟ್ ಯುಕೆ. ಅಲ್ಲಿ ನೋಂದಣಿ ಮಾಡಿಕೊಂಡು ಆನ್‌ಲೈನ್ ಪಾಠ ಮುಗಿಸಿ. ಆಮೇಲೆ ನಿಮಗೆ ಹತ್ತಿರದ ಯಾವುದಾದರೂ ಸರ್ಕ್ಯೂಟಿನಲ್ಲಿ ಬೇಸಿಗೆಯಲ್ಲೇ ಎರಡು ಮೂರು ದಿನ ಕಲಿಕೆಯ ಮಾರ್ಷಲ್ ಆಗಿ ನಿಲ್ಲಿ. ನೇರವಾಗಿ ನವೆಂಬರ್‌ನ ಕತ್ತಲಿಗೆ ಬಂದು ಕಲಿಯುತ್ತೇನೆ ಅನ್ನುವುದು ಬೇಡ.

ಮೈಮೇಲೆ ನೈಲಾನ್ ಬಟ್ಟೆ ಇರಬಾರದು. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಅಥವಾ ಬೆಂಕಿ ತಡೆಯುವ ಬಟ್ಟೆಯ ಕಿತ್ತಳೆ ಬಣ್ಣದ ಮೇಲುಡುಗೆ ಹಾಕಬೇಕು.

ಬಾವುಟಗಳನ್ನು ಎಲ್ಲರೂ ಕಲಿಯಿರಿ, ಪ್ರೇಕ್ಷಕರೂ ಸಹ. ಹಳದಿ ಅಂದರೆ ಮುಂದೆ ಅಪಾಯ, ಹಿಂದೆ ಹಾಕುವ ಹಾಗಿಲ್ಲ. ಹಸಿರು ಅಂದರೆ ಅಪಾಯ ದಾಟಿತು. ನೀಲಿ ಅಂದರೆ ಹಿಂದಿನಿಂದ ಜೋರು ಕಾರು ಬರುತ್ತಿದೆ. ಹಳದಿ ಮೇಲೆ ಕೆಂಪು ಪಟ್ಟಿ ಅಂದರೆ ರಸ್ತೆ ಜಾರುತ್ತಿದೆ. ಕೆಂಪು ಅಂದರೆ ರೇಸ್ ನಿಲುಗಡೆ. ಕಪ್ಪಿನ ಮೇಲೆ ಕಿತ್ತಳೆ ಚುಕ್ಕೆ, ಜೊತೆಗೆ ನಿಮ್ಮ ಕಾರಿನ ನಂಬರ್ ಕಂಡರೆ ನಿಮ್ಮ ಕಾರಿನಲ್ಲಿ ಏನೋ ಕೆಟ್ಟಿದೆ, ಪಿಟ್‌ಗೆ ಬನ್ನಿ ಅಂತ. ಬಂಪರ್ ನೇತಾಡುತ್ತಿರುವುದು ಒಳಗೆ ಕೂತವರಿಗೆ ಗೊತ್ತೇ ಆಗಿರುವುದಿಲ್ಲ.

ಹಂತ 5: ಓಡಿಸುವುದಾದರೆ ಲೈಸೆನ್ಸ್

ರಸ್ತೆ ಲೈಸೆನ್ಸ್ ಬೇರೆ, ರೇಸ್ ಲೈಸೆನ್ಸ್ ಬೇರೆ. ಬ್ರಿಟನ್‌ನಲ್ಲಿ ಇರುವವರು ಮೋಟರ್‌ಸ್ಪೋರ್ಟ್ ಯುಕೆಗೆ ಅರ್ಜಿ ಹಾಕಿ ಆರ್ಡ್ಸ್ ಪರೀಕ್ಷೆ ಪಾಸಾಗಬೇಕು. ಆರ್ಡ್ಸ್ ಅನ್ನುವುದು ರೇಸಿಂಗ್ ಶಾಲೆಗಳ ಒಕ್ಕೂಟದ ಹೆಸರಿನ ಚಿಕ್ಕ ರೂಪ. ಸರ್ಕ್ಯೂಟ್‌ಗಳಲ್ಲೇ ಇರುವ ಶಾಲೆಗಳು ಪರೀಕ್ಷೆ ನಡೆಸುತ್ತವೆ. ಬರೆಯುವ ಭಾಗದಲ್ಲಿ ಬಾವುಟದ ಪ್ರಶ್ನೆ ಒಂದೇ ಒಂದು ತಪ್ಪಾದರೂ ಫೇಲು. ಓಡಿಸುವ ಭಾಗದಲ್ಲಿ ಹುಡುಗರು ವೇಗ ತೋರಿಸಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತವರು ನೋಡುವುದು ನಿಮ್ಮ ಹದವನ್ನು. ಪ್ರತಿ ಸುತ್ತೂ ಒಂದೇ ಗೆರೆ, ಒಂದೇ ಕಡೆ ಬ್ರೇಕ್, ಕನ್ನಡಿ ನೋಡುವ ಅಭ್ಯಾಸ. ಪಾಸಾದ ಮೇಲೂ ಕೆಲವು ರೇಸ್ ಮುಗಿಸುವ ತನಕ ಕಾರಿನ ಹಿಂದೆ ಹಳದಿ ಚೌಕದ ಮೇಲೆ ಕಪ್ಪು ಕತ್ತರಿ ಗುರುತು ಅಂಟಿಸಿಕೊಂಡಿರಬೇಕು. ನಮ್ಮ ಎಲ್ ಬೋರ್ಡ್ ಇದ್ದ ಹಾಗೆ.

ಭಾರತದಲ್ಲಿರುವವರಿಗೆ ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ನಮ್ಮ ದೇಶದ ರೇಸಿಂಗ್ ಆಡಳಿತ ಸಂಸ್ಥೆ. ಹೊರದೇಶದಲ್ಲಿ ಓಡಿಸಲು ಲೈಸೆನ್ಸಿನ ದರ್ಜೆ ಹೊಂದಬೇಕು, ಜೊತೆಗೆ ಅವರ ಲಿಖಿತ ಅನುಮತಿಯೂ ಬೇಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೋ ನಾಲ್ಕು ರೇಸ್ ಓಡಿಸಿದ್ದೇನೆ ಅನ್ನುವುದೊಂದೇ ಸಾಕಾಗುವುದಿಲ್ಲ. ತಂಡಕ್ಕೆ ದುಡ್ಡು ಕಟ್ಟುವ ಮೊದಲು ಈ ಕಾಗದ ಮುಗಿಸಿಕೊಳ್ಳಿ.

ಹೆಲ್ಮೆಟ್ ಬಗ್ಗೆ ಒಂದು ಮಾತು. ಬೈಕಿನ ಹೆಲ್ಮೆಟ್ ನಡೆಯುವುದಿಲ್ಲ, ಅದು ಎಷ್ಟೇ ದುಬಾರಿಯದಾದರೂ. ಒಳಗಿನ ಚೀಟಿಯಲ್ಲಿ ಸ್ನೆಲ್ ಎಸ್‌ಎ ಅಥವಾ ಎಫ್‌ಐಎ ಗುರುತು ಇರಬೇಕು. ಎಂ ಅಂತಿದ್ದರೆ ಅದು ಬೈಕಿನದು, ಬೆಂಕಿ ತಡೆಯುವ ಪರೀಕ್ಷೆ ಆಗಿರುವುದಿಲ್ಲ. ಕುತ್ತಿಗೆ ಕಾಯುವ ಹಾನ್ಸ್ ಸಾಧನ, ಬೆಂಕಿ ತಡೆಯುವ ಸೂಟು, ಕೈಗವಸು, ಬೂಟು ಇವಕ್ಕೂ ಗುರುತು ಬೇಕು. ಸೂಟಿನ ಕಾಲರ್ ಹಿಂದೆ 8856 ಅನ್ನುವ ಸಂಖ್ಯೆ ಹುಡುಕಿ. ಎಲ್ಲವನ್ನೂ ರೇಸ್‌ಗೆ ಮುಂಚೆ ತಪಾಸಣೆ ಮಾಡುತ್ತಾರೆ. ಹಳೆಯ ಸಾಮಾನು ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡು ಆ ಮೇಜಿನ ಮುಂದೆ ಕಣ್ಣೀರು ಹಾಕಿದವರಿದ್ದಾರೆ.

ಹಂತ 6: ತಂಡ, ಕಾರು, ದುಡ್ಡು

ಇಲ್ಲಿ ಕೋಟಿಗಟ್ಟಲೆಯ ಕಾರು ಬೇಕಿಲ್ಲ. ಮಜ್ದಾ ಎಂಎಕ್ಸ್-5 ಥರದ ಸಣ್ಣ ಕಾರುಗಳು ತುಂಬಾ ಇರುತ್ತವೆ. ಹಗುರ, ಬಿಡಿಭಾಗ ಸುಲಭ, ಗಂಟೆಗಟ್ಟಲೆ ಓಡಿದರೂ ಮುನಿಸಿಕೊಳ್ಳುವುದು ಕಡಿಮೆ.

ಸ್ವಂತ ಕಾರು ಇಲ್ಲದವರು ತಂಡದಲ್ಲಿ ಸೀಟು ಬಾಡಿಗೆಗೆ ಹಿಡಿಯಬಹುದು. ಇದನ್ನು ಅರೈವ್ ಆ್ಯಂಡ್ ಡ್ರೈವ್ ಅನ್ನುತ್ತಾರೆ. ಕಾರು, ಮೆಕ್ಯಾನಿಕ್ ಎಲ್ಲ ಅವರದು, ನೀವು ಹೆಲ್ಮೆಟ್ ಹಿಡಿದು ಹೋದರೆ ಸಾಕು. ಜಗಳ ಆಗುವುದೂ ಇಲ್ಲೇ. ದುಡ್ಡು ಕೊಡುವ ಮೊದಲು ಇಷ್ಟನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಾನು ಗುದ್ದಿದರೆ ರಿಪೇರಿ ಯಾರದು, ಎಷ್ಟರ ತನಕ? ಇನ್ನೊಬ್ಬರು ಬಂದು ಗುದ್ದಿದರೆ? ಎಂಜಿನ್ ತಾನಾಗೇ ಸತ್ತರೆ? ನನ್ನ ಸರದಿ ಬರುವ ಮೊದಲೇ ಕಾರು ಕೆಟ್ಟು ಮನೆಗೆ ಹೋದರೆ ದುಡ್ಡು ವಾಪಸ್ಸಾ? ಪೆಟ್ರೋಲ್, ಟೈರ್, ಬ್ರೇಕ್ ಪ್ಯಾಡ್ ಲೆಕ್ಕದಲ್ಲಿ ಸೇರಿದೆಯಾ? ನಿಮ್ಮ ಮಾಮೂಲಿ ಕಾರ್ ಇನ್ಶೂರೆನ್ಸ್ ರೇಸ್ ಟ್ರ್ಯಾಕಿಗೆ ಬರುವುದಿಲ್ಲ. ಒಂದು ತಂಡದ ಹತ್ತಿರ ನಾನು ಇವೆಲ್ಲ ಬಾಯಿಮಾತಲ್ಲಿ ಮುಗಿಸಿಕೊಂಡಿದ್ದೆ. ಕಾರು ಎರಡನೇ ಗಂಟೆಗೇ ನಿಂತಿತು, ಮಾತು ಅಲ್ಲಿಂದ ಶುರುವಾಗಿ ಕ್ರಿಸ್‌ಮಸ್ ತನಕ ಎಳೆಯಿತು.

ದೇಣಿಗೆಯನ್ನು ಈ ಖರ್ಚಿನ ಜೊತೆ ಬೆರೆಸಬೇಡಿ. "ನನ್ನ ರೇಸ್ ಖರ್ಚಿಗೆ" ಮತ್ತು "ಸಂಸ್ಥೆಗೆ" ಅಂತ ಎರಡು ಲೆಕ್ಕ ಇಡಿ, ಗೆಳೆಯರ ಹತ್ತಿರ ಕೇಳುವಾಗಲೂ ಬಿಡಿಸಿ ಹೇಳಿ. ಬ್ರಿಟನ್‌ನಲ್ಲಿ ಆದಾಯ ತೆರಿಗೆ ಕಟ್ಟುವವರು ಕೊಡುವಾಗ ಗಿಫ್ಟ್ ಏಡ್ ಚೌಕಕ್ಕೆ ಗುರುತು ಹಾಕಿದರೆ ಪ್ರತಿ ಪೌಂಡ್‌ಗೆ 25 ಪೆನ್ಸ್ ಸರ್ಕಾರ ಸೇರಿಸಿ ಕೊಡುತ್ತದೆ. ನಿಮ್ಮ ಕೈಯಿಂದ ಒಂದು ಕಾಸೂ ಜಾಸ್ತಿ ಹೋಗುವುದಿಲ್ಲ. ಆದರೂ ಎಷ್ಟೋ ಜನ ಆ ಚೌಕ ಖಾಲಿ ಬಿಡುತ್ತಾರೆ.

ಹಂತ 7: ಗ್ಯಾರೇಜಿನಲ್ಲಿ ಹೇಗಿರಬೇಕು

ನಿಮ್ಮ ಪಕ್ಕದಲ್ಲಿ ಚಕ್ರ ಬಿಚ್ಚುತ್ತಿರುವವರಿಗೆ ಒಂದು ಕಾಲು ಇಲ್ಲದಿರಬಹುದು. ಕೈಯಲ್ಲೇ ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ನಡೆಸುವ ಹಾಗೆ ಮಾರ್ಪಡಿಸಿದ ಕಾರನ್ನು ಓಡಿಸುವವರು ಇರಬಹುದು. ಹೊರಗೆ ಏನೂ ಕಾಣದ ಗಾಯ ಹೊತ್ತವರು ಇನ್ನೂ ಜಾಸ್ತಿ.

ನಮ್ಮ ಬಾಯಿಗೆ ಮೊದಲು ಬರುವುದು "ಅಯ್ಯೋ ಪಾಪ". ಕನ್ನಡದಲ್ಲಿ ಮೆಲ್ಲಗೆ ಅಂದರೂ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಬೇಡ. "ಕಾಲು ಹೇಗೆ ಹೋಯ್ತು?" ಅಂತ ಕೇಳುವುದು ಅದಕ್ಕಿಂತ ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಕೇಳಲೇಬೇಕು ಅನ್ನಿಸಿದರೆ "ಹಿಂದಿನ ಎಡಗಡೆ ಟೈರ್ ಯಾಕೆ ಹೀಗೆ ಸವೆದಿದೆ?" ಅಂತ ಕೇಳಿ, ಅರ್ಧ ಗಂಟೆ ಮಾತಾಡುತ್ತಾರೆ. ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿ. ಸಾಮಾನು ದಬಕ್ಕೆಂದು ಎಸೆಯಬೇಡಿ. ಯಾರಾದರೂ ಸದ್ದಿಲ್ಲದೆ ಎದ್ದು ಹೊರಗೆ ಹೋದರೆ ಹಿಂಬಾಲಿಸಿ ವಿಚಾರಿಸಬೇಡಿ, ತಂಡದ ಹಿರಿಯರಿಗೆ ಹೇಳಿ ಸಾಕು. ಒಪ್ಪಿಗೆ ಇಲ್ಲದೆ ಫೋಟೋ ಬೇಡ.

ಕೆಲಸ ಹಂಚುವಾಗ ಹಗುರದ್ದನ್ನು ಅವರಿಗೆ ಅಂತ ಎತ್ತಿಡಬೇಡಿ. ಈ ಕೂಟ ನಡೆಯುವುದೇ ಅವರು ಕೆಲಸ ಮಾಡಲಿ ಅಂತ. ಇಲ್ಲಿ ಹೊಸಬರು ನೀವು, ಚಹಾ ಮಾಡುವ ಸರದಿ ನಿಮ್ಮದು.

ಮಕ್ಕಳನ್ನು ಕರೆದುಕೊಂಡು ಬರುವವರಿಗೆ: ರೇಸ್ ನಡೆಯುವಾಗ 16 ವರ್ಷದೊಳಗಿನವರಿಗೆ ಪಿಟ್ ಲೇನ್ ಒಳಗೆ ಪ್ರವೇಶ ಇಲ್ಲ. ಅತ್ತು ಕರೆದರೂ ಬಿಡುವುದಿಲ್ಲ, ಬಿಡಲೂಬಾರದು.

ಹಂತ 8: ಡ್ರೈವರ್ ಬದಲಾವಣೆ ಕಲಿಯಿರಿ

ಎಂಡ್ಯೂರೆನ್ಸ್ ರೇಸಿನಲ್ಲಿ ಹೊಸಬರು ಸಮಯ ಕಳೆಯುವುದು ಟ್ರ್ಯಾಕಿನಲ್ಲಲ್ಲ, ಇಲ್ಲಿ. ಒಂದೊಂದು ಸುತ್ತಿನಲ್ಲೂ ಅರ್ಧ ಸೆಕೆಂಡ್ ಉಳಿಸಲು ಒದ್ದಾಡಿದವರು ಬೆಲ್ಟ್ ಹಾಕಿಕೊಳ್ಳುವಾಗ ಒಂದು ನಿಮಿಷ ಕಳೆಯುತ್ತಾರೆ.

ಬರುವ ಡ್ರೈವರ್ ಪಿಟ್ ಲೇನ್‌ಗೆ ತಿರುಗುವಾಗಲೇ ರೇಡಿಯೋ ತಂತಿ, ನೀರಿನ ನಳಿಗೆ ಕಿತ್ತುಕೊಂಡಿರಬೇಕು. ಬೆಲ್ಟ್ ಮಾತ್ರ ಕಾರು ಪೂರ್ತಿ ನಿಂತ ಮೇಲೆ. ಎಂಜಿನ್ ಬಂದ್. ಬಾಗಿಲು ತೆರೆಯುವವರು ಬಾಗಿಲನ್ನು ಹಿಡಿದೇ ನಿಲ್ಲಬೇಕು. ಇಲ್ಲಿನ ಗಾಳಿಗೆ ಬಾಗಿಲು ಕೀಲು ಬಿಟ್ಟು ತಿರುಗಿಕೊಳ್ಳುತ್ತದೆ. ಇಳಿದವರು ಸರಿದ ಕೂಡಲೇ ಹೊಸಬರು ಕೂರಬೇಕು, ಆದರೆ ಬಕಲ್ ಹುಡುಕಿದರೆ ಅದು ತೊಡೆಯ ಕೆಳಗೆ ಸಿಕ್ಕಿರುತ್ತದೆ! ಎಲ್ಲರಿಗೂ ಆಗುವ ಪಾಡು ಇದು. ಸೀಟಿನ ಎರಡು ಬದಿಗೆ ವೆಲ್ಕ್ರೋ ಅಂಟಿಸಿ, ಇಳಿಯುವವರು ಬೆಲ್ಟಿನ ತುದಿಗಳನ್ನು ಅದಕ್ಕೆ ಸಿಕ್ಕಿಸಿ ಇಳಿದರೆ ತಲೆನೋವು ತಪ್ಪುತ್ತದೆ. ಮೊದಲು ಸೊಂಟದ ಪಟ್ಟಿ ಬಿಗಿಯಬೇಕು, ಆಮೇಲೆ ಭುಜದ್ದು. ತಿರುಗುಮುರುಗಾದರೆ ಸೊಂಟದ್ದು ಹೊಟ್ಟೆಯ ಮೇಲಕ್ಕೆ ಜಾರುತ್ತದೆ. ಗುದ್ದಿದಾಗ ಅದು ಅಪಾಯ. ಭುಜದ ಪಟ್ಟಿ ಹಾನ್ಸ್ ಮೇಲೆಯೇ ಕೂತಿದೆಯಾ ಅಂತ ಹೊರಗಿನವರು ಬೆರಳು ಹಾಕಿ ನೋಡಬೇಕು.

ಕೈಯಲ್ಲಿ ಬ್ರೇಕ್ ಒತ್ತುವವರೂ ಕಾಲಲ್ಲಿ ಒತ್ತುವವರೂ ಒಂದೇ ಕಾರು ಹಂಚಿಕೊಂಡಿದ್ದರೆ, ಬದಲಾದ ಮೇಲೆ ಬ್ರೇಕ್ ಒತ್ತಿ ತೋರಿಸಿ ಅಂತ ಕೇಳಿ, ಹಿಂದಿನ ದೀಪ ಹೊತ್ತಿದ್ದು ನೋಡಿಯೇ ಕಳಿಸಿ.

ಇದನ್ನು ಶುಕ್ರವಾರವೇ ಹತ್ತು ಸಲ ಮಾಡಿ ನೋಡಿ. ಅದರಲ್ಲಿ ಎರಡು ಸಲ ಕತ್ತಲಲ್ಲಿ, ಒದ್ದೆ ಕೈಗವಸು ಹಾಕಿಕೊಂಡು. ಪೆಟ್ರೋಲ್ ತುಂಬುವಾಗ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಬೇಕು, ಅವರಿಗೆ ಬೇರೆ ಯಾವ ಕೆಲಸವೂ ಕೊಡಬೇಡಿ.

ಹಂತ 9: ಶನಿವಾರದ ಕತ್ತಲು

ಮೊದಲ ವರ್ಷವೇ ಓಡಿಸಬೇಡಿ ಅಂದಿದ್ದು ಇದಕ್ಕೇ. ಈ ಸರ್ಕ್ಯೂಟಿನ ದೊಡ್ಡ ಸುತ್ತು 2.1 ಮೈಲಿ, ಅಂದರೆ ಸುಮಾರು 3.4 ಕಿಲೋಮೀಟರ್. ಕಾರ್ಕ್‌ಸ್ಕ್ರೂ ಅನ್ನುವ ತಿರುವಿನಲ್ಲಿ ರಸ್ತೆ ತಿರುಗುತ್ತಲೇ ಕೆಳಗಿಳಿಯುತ್ತದೆ. ಹಗಲಲ್ಲಿ ನೀವು ಬ್ರೇಕ್ ಒತ್ತಲು ಗುರುತಿಟ್ಟುಕೊಂಡ ಬೋರ್ಡು, ಹುಲ್ಲಿನ ಕಲೆ, ದೂರದ ಮನೆ, ಕತ್ತಲಾದರೆ ಯಾವುದೂ ಇರುವುದಿಲ್ಲ. ಹೆಡ್‌ಲೈಟ್ ಬೆಳಕಿಗೆ ಸಿಗುವ ಗುರುತುಗಳನ್ನೇ ಆರಿಸಿಕೊಳ್ಳಿ. ಅಂಚಿನ ಬಿಳಿ ಬಣ್ಣ ಎಲ್ಲಿ ಶುರು, ಡಾಂಬರಿನ ತೇಪೆ ಎಲ್ಲಿ, ಅಂಥವು. ಹೆಲ್ಮೆಟ್ ಮುಂದಿನ ಗಾಜು ಬಣ್ಣವಿಲ್ಲದ್ದೇ ಇರಲಿ.

ಗಾಜಿನ ಮೇಲೆ ಸಮುದ್ರದ ಉಪ್ಪು ಕೂರುತ್ತದೆ. ಒಣಗಿದ ಬಟ್ಟೆಯಲ್ಲಿ ಒರೆಸಿದರೆ ಇಡೀ ಗಾಜು ಹಾಲು ಚೆಲ್ಲಿದ ಹಾಗಾಗಿ ಎದುರು ಬೆಳಕು ಬಿದ್ದಾಗ ಏನೂ ಕಾಣದು. ಮೊದಲು ನೀರು ಸುರಿದು ಆಮೇಲೆ ಒರೆಸಿ. ಒಳಗಿನ ಮಂಜಿಗೆ ಬೇರೆ ಬಟ್ಟೆ. ಎರಡನ್ನೂ ಒಂದೇ ಬಕೆಟ್‌ಗೆ ಹಾಕಬೇಡಿ.

ಆ ಚಳಿಗೆ ಟೈರ್ ಬಿಸಿಯಾಗುವುದೇ ಇಲ್ಲ. ಪಿಟ್‌ನಿಂದ ಹೊರಟ ಮೊದಲ ಎರಡು ಸುತ್ತು ಸೋಪಿನ ಮೇಲೆ ಓಡಿಸಿದ ಹಾಗೆ. ಗೋಡೆ ಮುಟ್ಟುವವರು ಹೆಚ್ಚಾಗಿ ಅಲ್ಲೇ ಮುಟ್ಟುತ್ತಾರೆ. ಕನ್ನಡಿ ತುಂಬ ಬೆಳಕು ಬಂದರೆ ಹಿಂದಿನವರು ಹತ್ತಿರ ಇದ್ದಾರೋ ದೂರ ಇದ್ದಾರೋ ಅಂದಾಜು ಸಿಗದು. ನಿಮ್ಮ ಗೆರೆ ಬಿಡದೆ ಹೋಗಿ, ದಾಟುವ ಜವಾಬ್ದಾರಿ ಅವರದು.

ಹಂತ 10: ಭಾನುವಾರ, 11 ಗಂಟೆ

ಕಾರುಗಳನ್ನು ಒಳಗೆ ಕರೆಸಿಕೊಳ್ಳುತ್ತಾರೆ. ಗಂಟೆಗಟ್ಟಲೆ ಕೇಳಿದ ಸದ್ದು ನಿಂತಾಗ ಬಿಸಿ ಎಂಜಿನ್‌ಗಳ ಟಿಕ್ ಟಿಕ್ ಮಾತ್ರ ಉಳಿಯುತ್ತದೆ, ಅದರ ಹಿಂದೆ ಸಮುದ್ರ. ಸ್ಪ್ಯಾನರ್ ಕೆಳಗಿಡಿ. "ಹೇಗೂ ನಿಂತಿದೆ, ಪ್ಯಾಡ್ ಬದಲಾಯಿಸೋಣ" ಅನ್ನುವ ಯೋಚನೆ ಬಂದರೆ ನುಂಗಿಕೊಳ್ಳಿ.

ರೇಸ್ ಸೂಟಿನಲ್ಲೇ ಬರಬಹುದು, ಗ್ರೀಸ್ ಮೆತ್ತಿದ ಬಟ್ಟೆಯೂ ಅಡ್ಡಿಯಿಲ್ಲ. ಟೋಪಿ ತೆಗೆಯಿರಿ. ಫೋನ್ ಬಂದ್ ಮಾಡಿ, ಸೈಲೆಂಟ್ ಸಾಲದು. ಎದೆಯ ಎಡಗಡೆ ಕೆಂಪು ಪಾಪಿ ಹೂವಿನ ಬ್ಯಾಡ್ಜ್ ಇರಲಿ. ಮಾಜಿ ಸೈನಿಕರ ನೆರವಿಗೆ ರಾಯಲ್ ಬ್ರಿಟಿಷ್ ಲೀಜನ್ 1921ರಿಂದ ಇದನ್ನು ಹಂಚಿ ಹಣ ಕೂಡಿಸುತ್ತಿದೆ. ಅಕ್ಟೋಬರ್ ಕೊನೆಯಿಂದಲೇ ಅಂಗಡಿಗಳಲ್ಲಿ ಸಿಗುತ್ತದೆ. ಸೇನಾ ಪಾದ್ರಿ ಪ್ರಾರ್ಥನೆ ಹೇಳುತ್ತಾರೆ. ಲಾಸ್ಟ್ ಪೋಸ್ಟ್ ಅನ್ನುವ ಕಹಳೆ ಮುಗಿದ ಮೇಲೆ ಎರಡು ನಿಮಿಷ ಮೌನ. ಮತ್ತೊಂದು ಕಹಳೆ ಕೇಳಿದರೆ ಮೌನ ಮುಗಿಯಿತು ಅಂತ. ಚಪ್ಪಾಳೆ ಇಲ್ಲ. ಪ್ರಾರ್ಥನೆ ಕ್ರೈಸ್ತರದ್ದು, ನಾವು ನಿಲ್ಲಬಹುದಾ ಅಂತ ಕೆಲವರು ಕೇಳುತ್ತಾರೆ. ಕೈಕಟ್ಟಿ ಸುಮ್ಮನೆ ನಿಂತರೆ ಸಾಕು, ಏನನ್ನೂ ಹೇಳಬೇಕಾಗಿಲ್ಲ.

"ಇದು ಅವರ ಸೈನ್ಯ, ನಮಗೇನು?" ಅಂತ ಕೇಳಿದವರೂ ಇದ್ದಾರೆ. ಮೊದಲ ಮಹಾಯುದ್ಧದಲ್ಲಿ ಸುಮಾರು 74,000 ಭಾರತೀಯ ಸೈನಿಕರು ಸತ್ತರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಊರಿನ ಮೇಲೆ ಕುದುರೆ ಏರಿ ನುಗ್ಗಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬಸ್ಸಿನಲ್ಲಿ ಅದರ ಮುಂದೆ ನೂರು ಸಲ ಹಾದುಹೋಗಿರುತ್ತೀರಿ, ಅಲ್ವಾ?

ಬರಲು ಆಗದವರಿಗೆ ಅಂತ ಒಂದು ಸಾಲು: ನಮ್ಮಲ್ಲಿ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ಇದೆ. ಆ ನಿಧಿಗೆ ಕೊಡಲು ಇಲ್ಲಿಯ ತನಕ ಬರಬೇಕಾಗಿಲ್ಲ.

ಹಂತ 11: ಮುಗಿದ ಮೇಲೆ

ಚೌಕಳಿ ಬಾವುಟ ಬಿದ್ದ ಕೂಡಲೇ ಹೊರಟುಬಿಡಬೇಡಿ. ಗ್ಯಾರೇಜ್ ಗುಡಿಸುವುದು, ಟೆಂಟ್ ಮಡಚುವುದು, ಹಳೆ ಟೈರ್ ಹೊರುವುದು, ಇವಕ್ಕೇ ಜನ ಸಾಲುವುದಿಲ್ಲ. ಮಾರ್ಷಲ್‌ಗಳು ಕೊನೆಗೆ ಬರುತ್ತಾರೆ, ಅವರಿಗೆ ಬಿಸಿ ಚಹಾ ಉಳಿಸಿಡಿ.

ಅದೇ ರಾತ್ರಿ ಲಂಡನ್ ತನಕ ಗಾಡಿ ಓಡಿಸುವ ಸಾಹಸ ಬೇಡ. ಮೂರು ದಿನದ ನಿದ್ದೆ ಬಾಕಿ ಇರುತ್ತದೆ. ಸೋಮವಾರಕ್ಕೂ ರಜೆ ಹಾಕಿಕೊಂಡೇ ಬನ್ನಿ. ಮನೆಗೆ ಹೋದ ಮೇಲೆ ಕಾರಿನ ಅಡಿಭಾಗಕ್ಕೆ ಸಿಹಿನೀರು ಹೊಡೆದು ಉಪ್ಪು ತೊಳೆಯಿರಿ. ಬೂಟನ್ನು ಹೀಟರ್ ಮೇಲೆ ಇಡಬೇಡಿ, ಚರ್ಮ ಬಿರಿಯುತ್ತದೆ. ಒಳಗೆ ಹಳೆ ಪೇಪರ್ ತುರುಕಿ ಎರಡು ದಿನ ಬಿಡಿ.